ಚದುರಂಗದ ಮಣೆಯೂ ಮಗ್ಗಿಯೂ

ಒಂದು ಕಾಲದಲ್ಲಿ ಪರೇಲಿನ ದಿನಚರಿ ನಡೆಯುತ್ತಿದ್ದುದು ಗಿರಣಿಯ ಭೋಂಗಾ ಕೇಳಿಕೊಂಡು. ಹಗಲು ಪಾಳಿ ಮುಗಿಸಿದವರು ಚಾಳಿಗೆ ಮರಳುವ ಹೊತ್ತಿಗೆ ರಾತ್ರಿಶಾಲೆಗಳ ದೀಪ ಹತ್ತುತ್ತಿತ್ತು. ನಾ. ಮ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಕಾರ್ಮಿಕರಿಗಾಗಿ ರಾತ್ರಿಶಾಲೆ, ವಾಚನಾಲಯಗಳನ್ನು ನಡೆಸಿತು. ಪರೇಲಿನ ದಾಮೋದರ ಹಾಲ್ ಅದರದೇ. ಇದೇ ಮುಂಬಯಿಗೆ ಉಡುಪಿ, ಕುಂದಾಪುರ, ಮಂಗಳೂರು ಕಡೆಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕೂತರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ಶಾಲೆಗಳನ್ನು ಸಾಕಿ ಸಲಹಿದವು.

1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ಅಲ್ಲಿ ಗಾಜಿನ ಗೋಪುರಗಳು. ಚಾಳಿನಲ್ಲಿರಲಿ, ಗೋಪುರದಲ್ಲಿರಲಿ, ತಂದೆತಾಯಿಯರ ಚಿಂತೆ ಮಾತ್ರ ಒಂದೇ: ಮಗುವಿಗೆ ಲೆಕ್ಕ ಹತ್ತುತ್ತಿಲ್ಲ. ಅದಕ್ಕೆ ಟ್ಯೂಷನ್, ಅಬಾಕಸ್, ಈಚೆಗೆ ಚೆಸ್ ಕ್ಲಾಸ್. ಚದುರಂಗ ಆಡಿದರೆ ಗಣಿತ ತಾನಾಗಿ ಬರುತ್ತದೆ ಎಂಬ ನಂಬಿಕೆ ಎಷ್ಟು ನಿಜ?

ನಂಬಿಕೆಗೆ ಬೇರುಗಳಂತೂ ಇವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಮುಳುಗಿದ್ದ ದೊರೆ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅವರ ಬುದ್ಧಿ ಓಡಿದ್ದು ಸಾಹಿತ್ಯ, ಸಂಗೀತ, ಆಟಗಳ ಕಡೆಗೆ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದು ಸಲವೇ ಮುಟ್ಟಿ ಬರುವ ನಡೆಗಳನ್ನು ಅವರು ರಚಿಸಿದರು. ಮಾಯಾಚೌಕಗಳಲ್ಲೂ ಅವರಿಗೆ ಅಷ್ಟೇ ಆಸಕ್ತಿ. ಕುದುರೆ ಮುಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆಯುತ್ತ ಹೋದರೆ ಎರಡೂ ಒಂದೆಡೆ ಕೂಡುತ್ತವೆ. ಆ ಅಂಕಿಗಳ ಒಟ್ಟು ಮೊತ್ತ 2080. ಎಂಟೂ ಸಾಲುಗಳ ಮೊತ್ತ ಸಮನಾಗಬೇಕಾದರೆ ಪ್ರತಿ ಸಾಲಿಗೆ ಬರಬೇಕಾದದ್ದು 260. ಅಂಥ ನಡೆ ಹುಡುಕುವುದು ಆಟವೋ ಲೆಕ್ಕವೋ ಎಂದು ಬೇರೆ ಮಾಡಿ ಹೇಳುವುದು ಕಷ್ಟ.

ಮುಂಬಯಿಯ ಚದುರಂಗಕ್ಕೂ ಒಬ್ಬ ಗಣಿತದ ಮೇಷ್ಟರ ಋಣವಿದೆ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿ 1976ರಲ್ಲಿ ಪುರುಷರ ರಾಷ್ಟ್ರೀಯ ಸ್ಪರ್ಧೆಗೇ ಇಳಿದಾಗ ತಕರಾರು ಎದ್ದಿತು. ಹೆಣ್ಣುಮಕ್ಕಳನ್ನು ಇಂಥ ಸ್ಪರ್ಧೆಗಳಿಂದ ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟವರು ವಿಶ್ವ ಚೆಸ್ ಒಕ್ಕೂಟದ ಆಗಿನ ಅಧ್ಯಕ್ಷ ಮ್ಯಾಕ್ಸ್ ಯೂವೆ. 1935ರಲ್ಲಿ ಅಲೆಖಿನ್‌ರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದವರು, ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು.

ಆದರೆ ಯೂವೆಗೆ ಎರಡೂ ಒಲಿದಿದ್ದವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಕಲಿಸುತ್ತದೆ ಎಂದು ಹೇಳಲಾಗದು. ಇಂಗ್ಲೆಂಡಿನಲ್ಲಿ 100 ಶಾಲೆಗಳನ್ನು ಆರಿಸಿಕೊಂಡು ಇದನ್ನು ಒರೆಗೆ ಹಚ್ಚಿದರು. ಒಂದಷ್ಟು ಶಾಲೆಗಳ ಐದನೇ ವರ್ಷದ ಮಕ್ಕಳಿಗೆ ವಾರಕ್ಕೊಂದು ಗಂಟೆಯಂತೆ ಚದುರಂಗ ಕಲಿಸಿ, ಉಳಿದ ಶಾಲೆಗಳನ್ನು ಹಾಗೇ ಬಿಟ್ಟರು. ವರ್ಷ ಕಳೆದ ಮೇಲೆ ಗಣಿತ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ಈ ಫಲಿತಾಂಶ ಚೆಸ್ ಪ್ರೇಮಿಗಳಿಗೆ ರುಚಿಸಲಿಲ್ಲ.

ಹಾಗಾದರೆ ಕಲಿಸುವುದು ಯಾವುದು? ಇದಕ್ಕೆ ಮುಂಬಯಿಯಲ್ಲೇ ಒಂದು ಉತ್ತರ ಸಿಕ್ಕಿತ್ತು. 1995ರಲ್ಲಿ ಇಲ್ಲಿ ಹುಟ್ಟಿದ ‘ಪ್ರಥಮ್’ ಸಂಸ್ಥೆ ಪಾಲಿಕೆಯ ಶಾಲೆಗಳಲ್ಲಿ ‘ಬಾಲಸಖಿ’ಯರನ್ನು ನೇಮಿಸಿತು. ಇವರು ತರಬೇತಿ ಪಡೆದ ಶಿಕ್ಷಕಿಯರಲ್ಲ, ಅದೇ ಬಡಾವಣೆಯ, ಹೈಸ್ಕೂಲು ಮುಗಿಸಿದ ಹುಡುಗಿಯರು. ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ತರಗತಿಯಿಂದ ಹೊರಗೆ ಕರೆದು ದಿನಕ್ಕೆ ಎರಡು ಗಂಟೆ, ಆ ಮಕ್ಕಳು ನಿಂತಲ್ಲಿಂದಲೇ ಪಾಠ ಶುರುಮಾಡುತ್ತಿದ್ದರು. 2001ರಿಂದ 2003ರವರೆಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಮುಂಬಯಿ, ವಡೋದರಾಗಳಲ್ಲಿ ಇದನ್ನು ಅಳೆದರು. ಮಕ್ಕಳ ಅಂಕ ಏರಿತ್ತು, ಅದರಲ್ಲೂ ಕೊನೆಯ ಸಾಲಿನ ಮಕ್ಕಳಿಗೆ ಲಾಭ ಹೆಚ್ಚು. ವಡೋದರಾದಲ್ಲಿ ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಕಂಪ್ಯೂಟರಿನಲ್ಲಿ ಗಣಿತದ ಆಟ ಆಡಿದ ಮಕ್ಕಳ ಗಣಿತವೂ ಚೆನ್ನಾಗಿ ಸುಧಾರಿಸಿತು. ಆದರೆ ವರ್ಷ ಕಳೆಯುವಷ್ಟರಲ್ಲಿ ಆ ಗಳಿಕೆಯ ಬಹುಪಾಲು ಕರಗಿತ್ತು. ಆಟ ಗಣಿತದ್ದೇ ಆಗಿರಬೇಕು, ಪಾಠ ಮಗುವಿನ ಮಟ್ಟದಿಂದ ಶುರುವಾಗಬೇಕು, ನಡುವೆ ಬಿಡಬಾರದು.

ಹೋಟೆಲು ಹುಡುಗರ ಕಥೆಗೂ ಈಗ ಹೊಸ ಅರ್ಥ ಬಂದಿದೆ. ದೆಹಲಿ, ಕೋಲ್ಕತ್ತಗಳ ಸಂತೆಗಳಲ್ಲಿ ಮಾರಾಟಕ್ಕೆ ಕೂರುವ ಮಕ್ಕಳ ಬಗ್ಗೆ 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುವ ಆ ಮಕ್ಕಳು, ಅದಕ್ಕಿಂತ ಸುಲಭದ ಲೆಕ್ಕ ಕಾಗದದ ಮೇಲೆ ಬಂದರೆ ತಡವರಿಸುತ್ತಾರೆ. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಸಂತೆಯ ಲೆಕ್ಕಕ್ಕೆ ಸೋಲುತ್ತಾರೆ. ಒಂದು ದಡದ ಜಾಣ್ಮೆ ತಾನಾಗಿ ಇನ್ನೊಂದು ದಡಕ್ಕೆ ದಾಟುವುದಿಲ್ಲ. ದಾಟಿಸುವವರು ಒಬ್ಬರು ಬೇಕು.

ಕನ್ನಡ ಮನೆಯ ಮಗುವಿಗೆ ಪರೇಲಿನಲ್ಲಿ ದಾಟಲು ಇನ್ನೊಂದು ಹೊಳೆಯಿದೆ, ಅದು ಭಾಷೆ. ಮನೆಯಲ್ಲಿ ‘ಎಪ್ಪತ್ತೆರಡು’: ಮೊದಲು ಎಪ್ಪತ್ತು, ಆಮೇಲೆ ಎರಡು, ಬರೆಯುವ ಕ್ರಮದಲ್ಲೇ. ಮರಾಠಿಯಲ್ಲಿ ಅದು ‘ಬಹಾತ್ತರ್’, ಬಿಡಿ ಮೊದಲು, ಹತ್ತು ಆಮೇಲೆ. ನಮ್ಮ ‘ಹತ್ತೊಂಬತ್ತು’ ಅಲ್ಲಿ ‘ಏಕೋಣೀಸ್’, ಅಂದರೆ ಇಪ್ಪತ್ತಕ್ಕೆ ಒಂದು ಕಡಿಮೆ. ಮರಾಠಿ ಮಕ್ಕಳಿಗೂ ಇದು ತೊಡಕೆಂದು 2019ರಲ್ಲಿ ಬಾಲಭಾರತಿ ಎರಡನೇ ತರಗತಿಯ ಪುಸ್ತಕದಲ್ಲಿ ‘ಸತ್ತರ್ ದೋನ್’ ಎಂದು ಓದುವ ಕ್ರಮವನ್ನು ತಂದಿತು. ಭಾಷೆ ಕೆಡುತ್ತದೆ ಎಂದು ದೊಡ್ಡ ಗದ್ದಲವೇ ಎದ್ದಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಗಣಿತಜ್ಞೆ ಮಂಗಳಾ ನಾರಳೀಕರ್ ಮಕ್ಕಳ ಪರವಾಗಿ ಉತ್ತರ ಹೇಳಬೇಕಾಯಿತು. ಶಾಲೆ ಬದಲಿಸಿದ ಕನ್ನಡದ ಮಗು 72ರ ಬದಲು 27 ಬರೆದರೆ ಅದನ್ನು ದಡ್ಡತನ ಎಂದುಕೊಳ್ಳುವ ಮುನ್ನ ಈ ಗದ್ದಲ ನೆನಪಾಗಬೇಕು.

ಚದುರಂಗದ ಮಣೆಯನ್ನು ಹಾಗೆಂದು ಅಟ್ಟಕ್ಕೆ ಏರಿಸಬೇಕಾಗಿಲ್ಲ. ಮಾತು ಬೇರೆಯಾದರೂ ಮಣೆ ಒಂದೇ. ಆನೆಗೆ 5, ಕುದುರೆಗೆ 3, ಕಾಲಾಳಿಗೆ 1 ಎಂದು ಬೆಲೆ ಕಟ್ಟುತ್ತಾರೆ. ಒಂದು ಕುದುರೆ, ಒಂದು ಕಾಲಾಳು ಪಡೆದು ಆನೆ ಕೊಟ್ಟರೆ ನಷ್ಟವೆಷ್ಟು? ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ ದಾರಿ, ನಡುವೆ ನಿಂತರೆ ಎಂಟು; ಯಾಕೆ? ಏಳು ನಡೆ ನಡೆದ ಕುದುರೆ ಹೊರಟ ಮನೆಗೇ ಮರಳಬಲ್ಲದೇ? ಮರಳಲಾರದು: ಪ್ರತಿ ನಡೆಗೂ ಅದು ಕಪ್ಪು ಬಿಳುಪು ಬದಲಿಸುತ್ತದೆ, ಏಳು ಬೆಸಸಂಖ್ಯೆ. ಇದನ್ನು ಮಗು ತಾನೇ ಕಂಡುಕೊಂಡರೆ ಸಮ ಬೆಸ ಇನ್ನು ಮರೆಯುವುದಿಲ್ಲ. ಆದರೆ ಈ ಪ್ರಶ್ನೆಗಳನ್ನು ಮಣೆ ಕೇಳುವುದಿಲ್ಲ. ಎದುರಿಗೆ ಕೂತ ಅಕ್ಕನೋ ಅಣ್ಣನೋ ಕೇಳಬೇಕು, ತಪ್ಪು ಉತ್ತರ ಬಂದಾಗ ‘ಹೇಗೆ ಮಾಡಿದೆ, ತೋರಿಸು’ ಎನ್ನಬೇಕು. ಪರೇಲಿನ ರಾತ್ರಿಶಾಲೆಯ ದೀಪದ ಕೆಳಗೆ ದಣಿದ ಹುಡುಗನ ಪಕ್ಕದಲ್ಲಿ ಕೂತ ಮೇಷ್ಟರು ಮಾಡುತ್ತಿದ್ದುದೂ ಅದನ್ನೇ.