ಬೆಟ್ಟ ಇದೆ, ಮೊಲ ಇಲ್ಲ

ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ನಾನು ಸ್ಪ್ಲ್ಯಾಶ್ ಮೌಂಟನ್ ರೈಡ್ ಹತ್ತಿದ್ದು 2018ರಲ್ಲಿ. ಮರದ ದಿಮ್ಮಿಯಂಥ ದೋಣಿ, ಕತ್ತಲ ಗುಹೆ, ಒಳಗೆ ಹಾಡುವ ಗೊಂಬೆ ಪ್ರಾಣಿಗಳು. ಮೊಲವೊಂದನ್ನು ಹಿಡಿಯೋಕೆ ನರಿ, ಕರಡಿ ಹೊಂಚು ಹಾಕ್ತಿರ್ತವೆ. ಕೊನೆಗೆ ಸುಮಾರು 50 ಅಡಿ ಎತ್ತರದಿಂದ ದೋಣಿ ಧೊಪ್ಪಂತ ನೀರಿಗೆ ಬೀಳುತ್ತೆ. ಒದ್ದೆ ಬಟ್ಟೆಯಲ್ಲೇ ಮತ್ತೆ ಕ್ಯೂ ನಿಂತೆ. ಆ ಮೊಲ ಎಲ್ಲಿಂದ ಬಂತು ಅಂತ ಮಾತ್ರ ಯೋಚಿಸಲಿಲ್ಲ.

ಆಫ್ರಿಕಾದಿಂದ ಹಿಡಿದು ತಂದು ಮಾರಲಾದ ಜನ ಮತ್ತು ಅವರ ಮಕ್ಕಳು ಅಮೆರಿಕದ ತೋಟಗಳಲ್ಲಿ ಹೇಳಿಕೊಳ್ಳುತ್ತಿದ್ದ ಕತೆಗಳ ಮೊಲ ಅದು. ಬಲ ಇಲ್ಲ, ಬುದ್ಧಿ ಇದೆ. ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಬೀಳಿಸಿತಲ್ಲ, ಆ ಮೊಲದ ಹಾಗೆ. ಇಲ್ಲಿ 'ಸಿಂಹ' ಯಾರು ಅಂತ ಕೇಳುಗರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ಜೋಯಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತ ಹುಡುಗನಾಗಿದ್ದಾಗ ಜಾರ್ಜಿಯಾದ ತೋಟವೊಂದರಲ್ಲಿ ಈ ಕತೆಗಳನ್ನು ಕೇಳಿದ್ದ. 1880ರಲ್ಲಿ ಅವನ ಪುಸ್ತಕ ಬಂತು. ಕತೆ ಹೇಳೋದಕ್ಕೆ 'ಅಂಕಲ್ ರೀಮಸ್' ಎಂಬ ಮುದುಕನನ್ನು ಸೃಷ್ಟಿಸಿದ. ದಣಿಗಳ ಮನೆಯಲ್ಲಿ ನೆಮ್ಮದಿಯಾಗಿರುವ ಮುದುಕ!

ಡಿಸ್ನಿ ಇದನ್ನೇ 1946ರಲ್ಲಿ 'ಸಾಂಗ್ ಆಫ್ ದ ಸೌತ್' ಸಿನಿಮಾ ಮಾಡಿತು. ಗುಲಾಮಗಿರಿಯ ನಾಡನ್ನು ಹೂತೋಟದಂತೆ ತೋರಿಸುತ್ತಿದೆ ಅಂತ ಎನ್‌ಎಎಸಿಪಿ ಸಂಘಟನೆ ಆ ವರ್ಷವೇ ಆಕ್ಷೇಪಿಸಿತು. ರೀಮಸ್ ಪಾತ್ರ ಮಾಡಿದ ಜೇಮ್ಸ್ ಬ್ಯಾಸ್ಕೆಟ್‌ಗೆ 1948ರಲ್ಲಿ ವಿಶೇಷ ಆಸ್ಕರ್ ಸಿಕ್ಕಿತು. ಆದರೆ ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಪ್ರದರ್ಶನ ನಡೆದಾಗ ಅವರು ಅಲ್ಲಿರಲಿಲ್ಲ. ಹೋಟೆಲು, ಥಿಯೇಟರು ಎಲ್ಲದರಲ್ಲೂ ಬಣ್ಣ ನೋಡಿ ಜಾಗ ಕೊಡುತ್ತಿದ್ದ ಊರದು.

ರೈಡ್ ಹುಟ್ಟಿದ ಕತೆ ಬೆಂಗಳೂರಿನವರಿಗೆ ಇಷ್ಟವಾಗಬೇಕು. 1983ರಲ್ಲಿ ಡಿಸ್ನಿಯ ವಿನ್ಯಾಸಕಾರ ಟೋನಿ ಬ್ಯಾಕ್ಸ್ಟರ್‌ಗೆ ಈ ಐಡಿಯಾ ಹೊಳೆದದ್ದು ಟ್ರಾಫಿಕ್ ಜಾಮ್‌ನಲ್ಲಿ! 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1992ರಲ್ಲಿ ಫ್ಲೋರಿಡಾ ಮತ್ತು ಟೋಕಿಯೊದಲ್ಲಿ ರೈಡ್ ಶುರುವಾಯ್ತು. ಅಷ್ಟರಲ್ಲಿ ಸಿನಿಮಾ ಮುಜುಗರದ ವಸ್ತುವಾಗಿತ್ತು. 1986ರ ನಂತರ ಅಮೆರಿಕದ ಥಿಯೇಟರ್‌ಗಳಿಗೆ ಮರಳಲೇ ಇಲ್ಲ. ಹಾಗಾಗಿ ರೈಡ್‌ನಲ್ಲಿ ರೀಮಸ್ ಇಲ್ಲ. ಕತೆಯಲ್ಲಿ ಮೊಲ ಅಂಟಿಕೊಳ್ಳೋದು ಡಾಂಬರಿನ ಗೊಂಬೆಗೆ. ಆ ಗೊಂಬೆಯ ಹೆಸರು ಮುಂದೆ ಕಪ್ಪು ಜನರನ್ನು ಹೀಯಾಳಿಸುವ ಬೈಗುಳವಾಯ್ತು. ರೈಡ್‌ನಲ್ಲಿ ಅದರ ಬದಲು ಜೇನು ಬಂತು. ಅಂದರೆ ಮೊಲವನ್ನು ಇಟ್ಟುಕೊಂಡು, ಅದರ ಕತೆ ಹೇಳಿದವರನ್ನು ಮೊದಲೇ ಹೊರಗೆ ಹಾಕಿಯಾಗಿತ್ತು.

2020ರ ಮೇನಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆಯಾಯ್ತು. ಜೂನ್‌ನಲ್ಲಿ ಡಿಸ್ನಿ, ರೈಡ್ ಬದಲಾಯಿಸ್ತೀವಿ ಅಂತ ಪ್ರಕಟಿಸಿತು. 2023ರಲ್ಲಿ ಅಮೆರಿಕದ ಎರಡೂ ಕಡೆ ಹಳೆಯದು ಮುಚ್ಚಿತು, 2024ರಲ್ಲಿ 'ಟಿಯಾನಾಸ್ ಬೇಯೂ ಅಡ್ವೆಂಚರ್' ಆಗಿ ತೆರೆಯಿತು. ಟಿಯಾನಾ 2009ರ ಸಿನಿಮಾದ ನಾಯಕಿ, ಡಿಸ್ನಿಯ ಮೊದಲ ಕಪ್ಪು ರಾಜಕುಮಾರಿ. ಅದೇ ಬೆಟ್ಟ, ಅದೇ ನೀರು, ಅದೇ ಜಾರು. ಟೋಕಿಯೊದಲ್ಲಿ ಮಾತ್ರ ಹಳೆಯದೇ ಉಳಿಯಿತು.

ಬದಲಾಗಬೇಕಿತ್ತಾ? ಹೌದು. ತನ್ನ ಅಜ್ಜ-ಅಜ್ಜಿಯರ ಸಂಕಟವನ್ನು ಸಿಹಿ ಮಾಡಿ ತೋರಿಸಿದ ಸಿನಿಮಾದ ಹಾಡಿಗೆ ಒಂದು ಮಗು ಚಪ್ಪಾಳೆ ತಟ್ಟಬೇಕು ಅನ್ನೋಕೆ ನಾನ್ಯಾರು? ಅದೇ ಮಗು ಈಗ ಟಿಯಾನಾಳನ್ನು ನೋಡಿ ಕೈ ಬೀಸಬಹುದು. ಆದರೂ ಒಂದು ಕೊರಗು ಉಳಿದಿದೆ. ತೊಲಗಬೇಕಿದ್ದದ್ದು ಹ್ಯಾರಿಸ್ ಮತ್ತು ಡಿಸ್ನಿ ಹಚ್ಚಿದ ಬಣ್ಣ. ಅದರ ಜೊತೆ ಮೊಲವೂ ಹೋಯ್ತು. ಏನೂ ಇಲ್ಲದವರು ತಮ್ಮದು ಅಂತ ಕಟ್ಟಿಕೊಂಡಿದ್ದ ಮೊಲ! ಅದನ್ನು ನಿಜವಾದ ಒಡೆಯರ ಹೆಸರಲ್ಲಿ ಮತ್ತೆ ಹೇಳೋದಕ್ಕಿಂತ ಮರೆಯೋದು ಸುಲಭ ಇತ್ತು.

ಬೀಳುವಾಗ ಕ್ಯಾಮೆರಾ ತೆಗೆದ ಫೋಟೊ ನನ್ನ ಹತ್ತಿರ ಇನ್ನೂ ಇದೆ: ಬಾಯಿ ತೆರೆದು ಕಿರುಚುತ್ತಾ ನಗುತ್ತಿರೋ ನಾನು. ಅದನ್ನು ಬಿಸಾಡಲ್ಲ, ಆ ನಗು ಸುಳ್ಳಲ್ಲ. ಯಾರಾದರೂ ಕೇಳಿದರೆ ಮೊಲದ ಕತೆಯನ್ನೂ ಹೇಳ್ತೀನಿ. ಶುರು ಮಾತ್ರ ಡಿಸ್ನಿಯಿಂದಲ್ಲ, ಆ ತೋಟಗಳಿಂದ.