ವ್ಯಾಕುಲ ಮಾತೆಯ ಹೆಸರು ಹೊತ್ತವರು

ಸ್ಪೇನಿನ ಕ್ಯಾಥೊಲಿಕ್ ಮನೆಗಳಲ್ಲಿ ಹೆಣ್ಣುಮಗುವಿಗೆ ಮರಿಯಾ ಎಂದು ಹೆಸರಿಡುವುದು ಸಾಮಾನ್ಯವಾಗಿತ್ತು. ಊರ ತುಂಬ ಮರಿಯಾಗಳೇ ಆದಾಗ ಮಾತೆಯ ಬಿರುದುಗಳೇ ಕರೆಯುವ ಹೆಸರುಗಳಾದವು: ಪಿಲಾರ್, ಮರ್ಸಿಡಿಸ್, ಕಾರ್ಮೆನ್, ಡೊಲೊರೆಸ್. ಮಗನನ್ನು ಶಿಲುಬೆಯ ಮೇಲೆ ಕಂಡ ವ್ಯಾಕುಲ ಮಾತೆಯ ಹೆಸರೇ ಡೊಲೊರೆಸ್. ಸ್ಪೇನಿನ ಆಳ್ವಿಕೆಯ ಜೊತೆಗೆ ಅದು ಮೆಕ್ಸಿಕೊವನ್ನೂ ಮುಟ್ಟಿತು. ಹಾಲಿವುಡ್‌ನಲ್ಲಿ ಹೆಸರಾದ ನಟಿ ಡೊಲೊರೆಸ್ ಡೆಲ್ ರಿಯೊ 1904ರಲ್ಲಿ ಹುಟ್ಟಿದ್ದು ಅಲ್ಲಿನ ಡುರಾಂಗೊದಲ್ಲಿ. ಅಳುವ ತಾಯಿಯ ಹೆಸರು ಹೆಣ್ಣಿಗೆ ಸಹನೆಯನ್ನಷ್ಟೇ ವಿಧಿಸುತ್ತದೆ ಎನಿಸಬಹುದು. ಆದರೆ ಅದೇ ಹೆಸರಿನ ಇಬ್ಬರು ಹೋರಾಟಗಾರ್ತಿಯರನ್ನು ನೋಡಿದರೆ, ಆ ಭಕ್ತಿಯ ಭಾಷೆ ದುಡಿಯುವವರ ಬಾಯಲ್ಲಿ ನ್ಯಾಯ ಕೇಳುವ ಭಾಷೆಯೂ ಆಯಿತೆಂಬುದು ಸ್ಪಷ್ಟವಾಗುತ್ತದೆ.

ಡೊಲೊರೆಸ್ ಇಬಾರ್ರುರಿ 1895ರಲ್ಲಿ ಬಾಸ್ಕ್ ನಾಡಿನ ಗಣಿ ಊರಾದ ಗಲ್ಯಾರ್ತಾದಲ್ಲಿ ಹುಟ್ಟಿದರು. ಹೆತ್ತ ಆರು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲೇ ತೀರಿಕೊಂಡರು. 1918ರಲ್ಲಿ ಗಣಿ ಕಾರ್ಮಿಕರ ಪತ್ರಿಕೆಗೆ ಬರೆದ ಲೇಖನ ಪವಿತ್ರ ವಾರದಲ್ಲಿ ಪ್ರಕಟವಾಯಿತು. ಅದಕ್ಕೆ ಅವರು ಇಟ್ಟುಕೊಂಡ ಕಾವ್ಯನಾಮ ‘ಪಾಸಿಯೊನಾರಿಯಾ’, ಕ್ರಿಸ್ತನ ಯಾತನೆಯನ್ನು ನೆನಪಿಸುವ ಹೂವಿನ ಹೆಸರು. 1936ರ ಜುಲೈ 19ರಂದು ಫ್ಯಾಸಿಸ್ಟರು ದಾಟಕೂಡದೆಂದು ರೇಡಿಯೊದಲ್ಲಿ ಕರೆಕೊಟ್ಟ ಕಮ್ಯುನಿಸ್ಟ್ ನಾಯಕಿಯನ್ನು ಜಗತ್ತು ಗುರುತಿಸಿದ್ದು ಆ ಹೆಸರಿನಿಂದಲೇ. ಅವರು ದೇವರನ್ನು ಬಿಟ್ಟವರು, ಧರ್ಮಸಭೆಯ ಹಿರಿಯರು ಆ ಫ್ಯಾಸಿಸ್ಟರ ಸೇನಾನಿ ಫ್ರಾಂಕೊನ ಪಕ್ಷ ಹಿಡಿದವರು. ಹೀಗಿರುವಾಗ ಈ ನಂಟಿಗೆ ಅರ್ಥವೇನು ಎಂದು ಕೇಳಬಹುದು. ಡೊಲೊರೆಸ್ ಎಂಬುದು ಹೆತ್ತವರು ಇಟ್ಟ ಹೆಸರು ನಿಜ, ಪಾಸಿಯೊನಾರಿಯಾ ಮಾತ್ರ ಅವರೇ ಆರಿಸಿಕೊಂಡದ್ದು. ಬಿಷಪ್ಪರ ಅಧಿಕಾರ ಬೇರೆ, ಬಡವರು ತಮ್ಮ ನೋವನ್ನು ಹೇಳಿಕೊಳ್ಳಲು ಬಲ್ಲ ನುಡಿ ಬೇರೆ.

ಒಂದೇ ಉದಾಹರಣೆ ಸಾಲದೆಂದರೆ ಡೊಲೊರೆಸ್ ವೆರ್ತಾ ಇದ್ದಾರೆ. 1930ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದ ಗಣಿ ಊರು ಡಾಸನ್‌ನಲ್ಲಿ ಹುಟ್ಟಿದ ಅವರು 1962ರಲ್ಲಿ ಸೀಸರ್ ಚಾವೆಸ್ ಜೊತೆ ಕೃಷಿ ಕೂಲಿಕಾರರ ಸಂಘ ಕಟ್ಟಿದರು. 1966ರಲ್ಲಿ ಆ ಸಂಘದ ದ್ರಾಕ್ಷಿ ತೋಟದ ಕೂಲಿಗಳು ಡೆಲಾನೊದಿಂದ ಸ್ಯಾಕ್ರಮೆಂಟೊಗೆ ಹೊರಟದ್ದು ತಪಸ್ಸುಕಾಲದಲ್ಲಿ, ಗ್ವಾಡಲೂಪೆ ಮಾತೆಯ ಪತಾಕೆ ಹಿಡಿದು. ತಲುಪಿದ್ದು ಈಸ್ಟರ್ ಭಾನುವಾರ. 1970ರಲ್ಲಿ ತೋಟದ ಮಾಲೀಕರು ಸಂಘದ ಜೊತೆ ಕರಾರಿಗೆ ಸಹಿ ಹಾಕಿದರು. ಹೆಸರೇ ಇವರಿಬ್ಬರನ್ನು ಹೋರಾಟಕ್ಕೆ ಇಳಿಸಿತು ಎನ್ನಲಾಗದು. ಅದೇ ಹೆಸರಿನ ಸಾವಿರಾರು ಹೆಂಗಸರು ಚರಿತ್ರೆಯ ಕಣ್ಣಿಗೆ ಬೀಳದೆ ಬದುಕಿದರು. ಹೋರಾಟಕ್ಕೆ ಇಳಿಸಿದ್ದು ಗಣಿಯ ಬಡತನ, ಹೊಲದ ಕೂಲಿ. ಆದರೆ ಆ ಕಷ್ಟವನ್ನು ಊರ ಮುಂದೆ ಎತ್ತಿ ಹೇಳಲು ಬೇಕಾದ ಮಾತು, ಮೆರವಣಿಗೆ, ಪತಾಕೆ ಜನರ ಭಕ್ತಿಯಲ್ಲಿ ಆಗಲೇ ಇದ್ದವು. ನಾಮಕರಣದ ಈ ಪದ್ಧತಿಯನ್ನು ಹೆಣ್ಣಿನ ವಿಧೇಯತೆಯ ದಾಖಲೆಯೆಂದಷ್ಟೇ ಓದುವವರು ಚರಿತ್ರೆಯ ಅರ್ಧವನ್ನು ಕೈಬಿಡುತ್ತಾರೆ.