ಸ್ಕ್ರೋಲ್ ಸಾ ಕೊಳ್ಳುವ ಮುನ್ನ: ಹೊಸದಾಗಿ ಮರಗೆಲಸಕ್ಕೆ ಇಳಿದವರು ನೋಡಬೇಕಾದ್ದೇನು?

ಚಾಮರಾಜನಗರ/ಗುಂಡ್ಲುಪೇಟೆ: ಮನೆ ಬಾಗಿಲಿಗೆ ಮರದ ನಾಮಫಲಕ, ಅಂಗಡಿ ಕೌಂಟರ್‌ಗೆ ಹೆಸರು, ಮಕ್ಕಳಿಗೆ ಆನೆ, ಹುಲಿ ಜೋಡಿಸುವ ಆಟಿಕೆ, ದೇವರ ಮನೆ ಬಾಗಿಲಿಗೆ ಜಾಲರಿ. ಇಂಥ ಸಣ್ಣ ಕೆಲಸವನ್ನು ಮನೆಯಲ್ಲೇ ಮಾಡಿ ನಾಲ್ಕು ಕಾಸು ನೋಡೋಣ ಅಂತ ಹೊರಟವರ ಕಣ್ಣಿಗೆ ಮೊದಲು ಬೀಳುವ ಯಂತ್ರ ಸ್ಕ್ರೋಲ್ ಸಾ. ಆದರೆ ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಯಲ್ಲಿ ಇದನ್ನು ಓಡಿಸಿ ತೋರಿಸುವವರು ಅಪರೂಪ. ಹಾಗಾಗಿ ಮೊಬೈಲ್‌ನಲ್ಲಿ ಚಿತ್ರ ನೋಡಿ, ವ್ಯಾಟ್ ಎಷ್ಟು, ಬೆಲೆ ಎಷ್ಟು ಅಂತ ಎರಡೇ ಲೆಕ್ಕ ಹಾಕಿ ತರಿಸಿಕೊಳ್ಳುವವರೇ ಹೆಚ್ಚು. ದುಡ್ಡು ದಂಡ ಆಗೋದು ಅಲ್ಲೇ. ಈ ಯಂತ್ರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಅದು ಬ್ಲೇಡನ್ನು ಹೇಗೆ ಹಿಡಿಯುತ್ತದೆ ಮತ್ತು ಆ ಬ್ಲೇಡು ನಾಳೆ ಎಲ್ಲಿ ಸಿಗುತ್ತದೆ ಅನ್ನೋದು.

ಅದಕ್ಕೂ ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಬೇಕು. ‘ಸ್ಕ್ರೋಲ್ ಸಾ ಕೊಡಿ’ ಅಂದ್ರೆ ಕೆಲವೆಡೆ ಜಿಗ್‌ಸಾ ತೆಗೆದು ಕೊಡುವುದುಂಟು. ಜಿಗ್‌ಸಾ ಕೈಯಲ್ಲಿ ಹಿಡಿದು ಮರದ ಮೇಲೆ ಓಡಿಸುವ ಯಂತ್ರ. ಬ್ಲೇಡು ಒಂದೇ ತುದಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಸ್ಕ್ರೋಲ್ ಸಾ ಮೇಜಿನ ಮೇಲೆ ಕೂರುವಂಥದ್ದು. ದಾರದಷ್ಟು ತೆಳುವಾದ ಬ್ಲೇಡು ಮೇಲೂ ಕೆಳಗೂ ಬಿಗಿಯಾಗಿ ಕಟ್ಟಿಕೊಂಡು ನಿಂತಿರುತ್ತದೆ, ನಾವು ಮರವನ್ನು ಅದರ ಸುತ್ತ ತಿರುಗಿಸುತ್ತೇವೆ. ಪ್ಲೈವುಡ್ ಹಲಗೆ ಸೀಳಲು, ಅಡುಗೆಮನೆ ಸಿಂಕ್‌ಗೆ ಜಾಗ ತೆಗೆಯಲು ಜಿಗ್‌ಸಾ ಸಾಕು, ಬೆಲೆಯೂ ಬಹಳ ಕಡಿಮೆ. ಅಕ್ಷರ, ಹೂವು, ಬಳ್ಳಿ ಕೊರೆಯಲು ಮಾತ್ರ ಸ್ಕ್ರೋಲ್ ಸಾ.

ಈ ಕೆಲಸ ನಮ್ಮ ಭಾಗಕ್ಕೆ ಹೊಸದೇನಲ್ಲ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನಲ್ಲಿ ಕೂರಿಸಿರುವ ದಂತದ ಕುಸುರಿಯನ್ನು ದಸರೆಗೆ ಹೋದವರೆಲ್ಲ ನೋಡಿರುತ್ತಾರೆ. ಜಿಐ ಮಾನ್ಯತೆ ಪಡೆದ ಮೈಸೂರು ಬೀಟೆ ಇನ್‌ಲೇ ಕೆಲಸದಲ್ಲಿ ಈಗ ಬಣ್ಣಬಣ್ಣದ ತೆಳು ಮರದ ಚೂರುಗಳನ್ನು ಸಣ್ಣ ಗರಗಸದಲ್ಲಿ ಕತ್ತರಿಸಿ, ಬೀಟೆ ಹಲಗೆಯಲ್ಲಿ ಅಷ್ಟೇ ಆಕಾರದ ಗುಳಿ ತೆಗೆದು ಕೂರಿಸುತ್ತಾರೆ. ಆ ಸಣ್ಣ ಗರಗಸಕ್ಕೆ ಮೋಟರ್ ಕೂರಿಸಿದರೆ ಅದೇ ಸ್ಕ್ರೋಲ್ ಸಾ.

ಪಿನ್ ಇರುವ ಬ್ಲೇಡೋ, ಇಲ್ಲದ್ದೋ?

ಬ್ಲೇಡುಗಳಲ್ಲಿ ಎರಡು ಜಾತಿ. ಒಂದರ ಎರಡೂ ತುದಿಯಲ್ಲಿ ಅಡ್ಡಲಾಗಿ ಪುಟ್ಟ ಪಿನ್ ಇರುತ್ತದೆ, ಕೊಂಡಿಗೆ ಸಿಕ್ಕಿಸಿದರೆ ಮುಗಿಯಿತು. ಇನ್ನೊಂದು ತುದಿ ಚಪ್ಪಟೆಯಾದ, ಪಿನ್ ಇಲ್ಲದ 5 ಇಂಚಿನ ಬ್ಲೇಡು. ಅದನ್ನು ಸ್ಕ್ರೂ ತಿರುಗಿಸಿ ಕ್ಲಾಂಪಿನಲ್ಲಿ ಕಚ್ಚಿಸಬೇಕು. ಹೊಸಬರಿಗೆ ಪಿನ್ ಇರುವುದೇ ಸುಲಭ ಅನ್ನಿಸುತ್ತದೆ. ಅಗ್ಗದ ಕೆಲವು ಯಂತ್ರಗಳು ಪಿನ್ ಬ್ಲೇಡನ್ನು ಬಿಟ್ಟು ಬೇರೆ ಹಿಡಿಯುವುದೇ ಇಲ್ಲ.

ಇದರ ತೊಂದರೆ ಗೊತ್ತಾಗುವುದು ಕನ್ನಡ ಅಕ್ಷರ ಕೊರೆಯಲು ಕೂತಾಗ. ‘ಚಾಮರಾಜನಗರ’ ಅಂತ ಕೊರೆಯಬೇಕು ಅಂದುಕೊಳ್ಳಿ. ಅದರಲ್ಲಿ ಎರಡು ಕಡೆ ‘ರ’ ಇದೆ, ಎರಡರ ಹೊಟ್ಟೆಯೂ ಮುಚ್ಚಿದ ವೃತ್ತ. ಹೊರಗಿನಿಂದ ಬ್ಲೇಡು ಒಳಗೆ ಹೋಗಲು ದಾರಿಯಿಲ್ಲ. ಒಳಗೆ ತೂತು ಕೊರೆದು, ಬ್ಲೇಡಿನ ಮೇಲ್ತುದಿ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದು ಕತ್ತರಿಸಬೇಕು. ಪಿನ್ ಇಲ್ಲದ ಸಣ್ಣ ಬ್ಲೇಡಿಗೆ 1ರಿಂದ 2 ಮಿ.ಮೀ. ತೂತು ಸಾಕು. ಪಿನ್ ನುಗ್ಗಬೇಕಾದರೆ ನಾಲ್ಕೈದು ಮಿ.ಮೀ. ಬೇಕು. ಒಂದೂವರೆ ಇಂಚಿನ ಅಕ್ಷರದ ‘ರ’ದೊಳಗೆ ಅಷ್ಟು ದೊಡ್ಡ ತೂತು ತೆಗೆದರೆ ಗೆರೆ ತಪ್ಪುವ ಭಯ ಇದ್ದೇ ಇರುತ್ತದೆ. ಅನುಸ್ವಾರದ ಸೊನ್ನೆಯಲ್ಲಂತೂ ಕೆಲಸವೇ ಕೆಡುತ್ತದೆ. ಇಂಗ್ಲಿಷ್ ಹೆಸರು ಕೊರೆದು ತೋರಿಸುವ ವಿಡಿಯೊಗಳಲ್ಲಿ ಈ ಪೇಚು ಅಷ್ಟಾಗಿ ಕಾಣುವುದಿಲ್ಲ.

‘ಗುಂಡ್ಲುಪೇಟೆ’ ಇನ್ನೂ ಒಳ್ಳೆಯ ಪರೀಕ್ಷೆ. ಸೊನ್ನೆ ಬೇರೆ ತುಂಡು, ‘ಡ’ ಕೆಳಗಿನ ಲಕಾರದ ಒತ್ತು ಬೇರೆ ತುಂಡು. ಹಲಗೆಯ ಮೇಲೆ ಅಂಟಿಸುವ ಫಲಕವಾದರೆ ಚಿಂತೆಯಿಲ್ಲ. ಒಂದೇ ತುಂಡಾಗಿ ನಿಲ್ಲಬೇಕಾದರೆ ಅಕ್ಷರಗಳ ಕೆಳಗೆ ಒಂದು ಪಟ್ಟಿ ಬಿಟ್ಟು, ಒತ್ತನ್ನು ಅದಕ್ಕೆ ತಾಗಿಸಿ ಬರೆದುಕೊಳ್ಳಬೇಕು. ಇದನ್ನು ಕಾಗದದ ಮೇಲೇ ತೀರ್ಮಾನಿಸಿಕೊಳ್ಳದೆ ಮರಕ್ಕೆ ಕೈ ಹಾಕಬಾರದು.

ಹೀಗಾಗಿ ಪಿನ್ ಇಲ್ಲದ 5 ಇಂಚಿನ ಬ್ಲೇಡನ್ನು ಹಿಡಿಯುವ ಯಂತ್ರವೇ ಇರಲಿ. ಎರಡನ್ನೂ ಹಿಡಿಯುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕ್ಲಾಂಪ್ ಬಿಚ್ಚಲು ಪ್ರತಿ ಸಲ ಅಲನ್ ಕೀ ಹುಡುಕಬೇಕಾದ ಯಂತ್ರ ಬೇಡ; ಬೆರಳಲ್ಲೇ ತಿರುಗಿಸುವ ಸ್ಕ್ರೂ ಇರಬೇಕು. ಒಂದು ಫಲಕದಲ್ಲಿ ಹತ್ತು ಒಳ ತೂತು ಇದ್ದರೆ ಹತ್ತು ಸಲ ಬಿಚ್ಚಿ ಕಟ್ಟಬೇಕಲ್ಲ.

ನಡುಕ, ವೇಗ, ಕರೆಂಟು

ಎರಡನೆಯದಾಗಿ ನೋಡಬೇಕಾದ್ದು ನಡುಕ. ಯಂತ್ರ ಗಡಗಡ ಅಂದ್ರೆ ಗೆರೆ ನೆಟ್ಟಗೆ ಬರಲ್ಲ, ಬ್ಲೇಡೂ ಬೇಗ ತುಂಡಾಗುತ್ತದೆ. ಅಂಗಡಿಯಲ್ಲಿ ಓಡಿಸಿ ನೋಡುವ ಅವಕಾಶ ಇದ್ದರೆ ಮೇಜಿನ ತಟ್ಟೆಯ ಮೇಲೆ ಒಂದು ನಾಣ್ಯ ಇಟ್ಟು ವೇಗ ಏರಿಸಿ. ನಾಣ್ಯ ಕುಣಿದು ಕೆಳಗೆ ಬಿದ್ದರೆ ಬೇರೆ ಯಂತ್ರ ನೋಡುವುದು ಮೇಲು. ಭಾರದ ಎರಕದ ಕಬ್ಬಿಣದ ತಳ ಇರುವುದು ಕಡಿಮೆ ನಡುಗುತ್ತದೆ. ಮನೆಗೆ ತಂದ ಮೇಲೆ ಗಟ್ಟಿ ಮೇಜಿಗೆ ಬೋಲ್ಟ್ ಹಾಕಿ ಕೂರಿಸಬೇಕು. ಹಾಗೇ ಇಟ್ಟು ಓಡಿಸಿದರೆ ಎಂಥ ಯಂತ್ರವೂ ನಡುಗುತ್ತದೆ.

ವೇಗ ಬದಲಿಸುವ ಗುಬ್ಬಿ ಇರಲೇಬೇಕು. ನಿಮಿಷಕ್ಕೆ 400ರಿಂದ 1,600 ಸಲ ಮೇಲೆ ಕೆಳಗೆ ಆಡುವ ಯಂತ್ರಗಳು ಸಾಮಾನ್ಯವಾಗಿ ಸಿಗುತ್ತವೆ. ಕಲಿಯುವಾಗ ನಿಧಾನ ವೇಗವೇ ಗೆಳೆಯ. ಬ್ಲೇಡಿನಿಂದ ಹಿಂದಿನ ಕಂಬದವರೆಗಿನ ಜಾಗ 16 ಇಂಚು ಇದ್ದರೆ ನಾಮಫಲಕ, ಆಟಿಕೆಗಳಿಗೆ ಧಾರಾಳ. 20 ಇಂಚಿಗೆ ಹೆಚ್ಚು ದುಡ್ಡು ಸುರಿಯುವ ಅಗತ್ಯ ಹೊಸಬರಿಗಿಲ್ಲ.

ಮೋಟರ್ 90ರಿಂದ 120 ವ್ಯಾಟ್ ಇದ್ದರೂ ಸಾಕು, ಮನೆಯ 5 ಆಂಪ್ ಪ್ಲಗ್ಗಿನಲ್ಲೇ ಓಡುತ್ತದೆ. ಅರ್ತಿಂಗ್ ಮಾತ್ರ ಸರಿ ಇರಬೇಕು. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗೇ ಓಡಲು ಶುರು ಮಾಡದಂಥ ಸ್ವಿಚ್ ಇದೆಯಾ ಅಂತ ಕೇಳಿ. ಇಲ್ಲವಾದರೆ ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡುವುದನ್ನು ರೂಢಿ ಮಾಡಿಕೊಳ್ಳಬೇಕು. ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇವೆ ಅಂದರೆ ಎಚ್ಚರ: ಅಲ್ಲಿನದು 120 ವೋಲ್ಟ್ ಯಂತ್ರ, ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ.

ಬ್ಲೇಡು ಮತ್ತು ಮರ

ಬ್ಲೇಡಿಗೆ ನಂಬರ್ ಇರುತ್ತದೆ, ನಂಬರ್ ದೊಡ್ಡದಾದಷ್ಟೂ ಬ್ಲೇಡು ದಪ್ಪ. 6 ಮಿ.ಮೀ. ಪ್ಲೈವುಡ್‌ಗೆ 3 ಅಥವಾ 5, ಮುಕ್ಕಾಲು ಇಂಚಿನ ಗಟ್ಟಿ ಮರಕ್ಕೆ 7 ಅಥವಾ 9 ನಂಬರ್. ಹಲ್ಲು ಮುಂದಕ್ಕೂ ಕೆಳಮುಖವಾಗಿಯೂ ಇರಬೇಕು. ತಲೆಕೆಳಗಾಗಿ ಕಟ್ಟಿ, ಮರ ಎಗರುತ್ತೆ ಅಂತ ಯಂತ್ರವನ್ನು ಬೈಯುವವರಿದ್ದಾರೆ. ಬಿಗಿದ ಮೇಲೆ ಬೆರಳಲ್ಲಿ ಮೀಟಿದರೆ ‘ಟಿಣ್’ ಅನ್ನಬೇಕು. ಬ್ಲೇಡು ಮುರಿಯುವುದು ಇಲ್ಲಿ ಮಾಮೂಲು, ಆದ್ದರಿಂದ ಯಂತ್ರದ ಜೊತೆಗೇ ಎರಡು ಮೂರು ಡಜನ್ ತರಿಸಿಡಬೇಕು. ಇದೇ ಅಳತೆಯ ಬ್ಲೇಡು ಅಕ್ಕಸಾಲಿಗರ ಸಾಮಾನು ಮಾರುವಲ್ಲಿಯೂ ಸಿಗುತ್ತದೆ, ಆದರೆ ಅದರ ಹಲ್ಲು ಲೋಹಕ್ಕೆ ಮಾಡಿದ್ದು, ಮರದಲ್ಲಿ ಬೇಗ ಪುಡಿ ತುಂಬಿಕೊಳ್ಳುತ್ತದೆ. ಎರಡೂ ತಾಲ್ಲೂಕಿನ ಹಾರ್ಡ್‌ವೇರ್ ಅಂಗಡಿಯವರು ಯಂತ್ರ ಇಡದಿದ್ದರೂ 5 ಇಂಚಿನ ಬ್ಲೇಡು ಇಟ್ಟರೆ ಗಿರಾಕಿ ಮತ್ತೆ ಮತ್ತೆ ಬರುತ್ತಾರೆ.

ಕಲಿಯಲು ಪ್ಲೈವುಡ್ ಚೂರು, ಸಿಲ್ವರ್ ಓಕ್, ಹೆಬ್ಬೇವು ಸಾಕು. ಬೀಟೆ, ತೇಗ ಬೇಕಾದರೆ ಬಿಲ್ ಇರುವ ಮರವನ್ನೇ ಕೊಳ್ಳಬೇಕು. ಜಿಲ್ಲೆಯ ಸುಮಾರು ಅರ್ಧ ಭಾಗ ಕಾಡು. ಬಂಡೀಪುರ, ಬಿಳಿಗಿರಿರಂಗನಬೆಟ್ಟದ ಅಂಚಿನ ಊರುಗಳಲ್ಲಿ ‘ಬಿದ್ದ ಕೊಂಬೆ ತಾನೆ’ ಅಂತ ತರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾಗುತ್ತದೆ. ಬೀಟೆಯ ಧೂಳು ಕೆಲವರಿಗೆ ಚರ್ಮಕ್ಕೂ ಉಸಿರಿಗೂ ಆಗಿಬರಲ್ಲ. ಎಂಡಿಎಫ್ ಧೂಳೂ ಒಳ್ಳೆಯದಲ್ಲ. ಮಾಸ್ಕ್, ಕನ್ನಡಕ ಬಿಡಬಾರದು.

ವ್ಯಾಪಾರದ ಲೆಕ್ಕವನ್ನೂ ನೇರವಾಗಿ ಹೇಳಬೇಕು. ಎಂಡಿಎಫ್‌ನಲ್ಲಿ ನೂರು ಫಲಕ ಬೇಕು ಅನ್ನುವ ಗಿರಾಕಿಗೆ ಲೇಸರ್ ಕಟಿಂಗ್ ಅಂಗಡಿಯೇ ಸರಿ, ಅದರ ವೇಗಕ್ಕೆ ಸ್ಕ್ರೋಲ್ ಸಾ ಸಮ ಅಲ್ಲ. ಅರ್ಧ ಇಂಚಿಗಿಂತ ದಪ್ಪದ ನಿಜವಾದ ಮರ, ಸುಟ್ಟ ಕಪ್ಪು ಅಂಚಿಲ್ಲದ ಕೆಲಸ, ಒಂದೊಂದೇ ಆರ್ಡರ್. ಈ ಯಂತ್ರಕ್ಕೆ ಇರುವ ಮಾರುಕಟ್ಟೆ ಅಷ್ಟು. ಸಾಲ ಮಾಡಿ ತರುವವರು ಮೊದಲು ಅಂಥ ನಾಲ್ಕು ಗಿರಾಕಿ ಇದ್ದಾರಾ ಅಂತ ನೋಡಿಕೊಳ್ಳಲಿ.

ಇನ್ನೂ ಗಟ್ಟಿ ಮನಸ್ಸಾಗದಿದ್ದರೆ ಕೈಯಲ್ಲಿ ಹಿಡಿಯುವ ಫ್ರೆಟ್ ಸಾ ಚೌಕಟ್ಟು ಕೊಂಡು ತಿಂಗಳು ಕಾಲ ಕೊರೆದು ನೋಡಬಹುದು. 5 ಇಂಚಿನ ಪಿನ್ ಇಲ್ಲದ ಬ್ಲೇಡೇ ಅದಕ್ಕೂ ಆಗುತ್ತದೆ, ಮುಂದೆ ಯಂತ್ರ ಬಂದರೂ ಉಳಿದ ಬ್ಲೇಡು ದಂಡವಾಗಲ್ಲ. ಮೊದಲ ದಿನ 6 ಮಿ.ಮೀ. ಪ್ಲೈವುಡ್ ಮೇಲೆ ಎರಡಿಂಚಿನ ಒಂದು ‘ರ’ ಬರೆದು, ಒಳಗಿನ ವೃತ್ತವನ್ನು ಮೊದಲು, ಹೊರ ಗೆರೆಯನ್ನು ಆಮೇಲೆ ಕೊರೆಯಿರಿ. ಹೊರಗಿನದು ಮೊದಲು ಕೊರೆದರೆ ಒಳಗಿನದಕ್ಕೆ ಹಿಡಿದುಕೊಳ್ಳಲು ಮರವೇ ಉಳಿದಿರುವುದಿಲ್ಲ.